ಸೋಮವಾರದವರೆಗೆ ಕನ್ಸರ್ವೇಟಿವ್

ನಾಗಲಿಂಗಯ್ಯ ಮೇಷ್ಟ್ರು ಮೂವತ್ತೊಂದು ವರ್ಷ ಬಡವನಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವರು. ನಿವೃತ್ತರಾಗಿ ಹದಿಮೂರು ವರ್ಷವಾದರೂ ಮಧುಗಿರಿಯ ಬೀದಿಯಲ್ಲಿ ಅವರನ್ನು ಕಂಡು ಸ್ಕೂಟರ್ ನಿಲ್ಲಿಸುವವರು, ಕೈಯಲ್ಲಿದ್ದ ಬೀಡಿಯನ್ನು ಬೆನ್ನ ಹಿಂದೆ ಮರೆಮಾಡುವವರು ಇನ್ನೂ ಇದ್ದರು. ಅಂಥ ಮೇಷ್ಟ್ರು ಈಗ ವಕೀಲ ಕಿರಣ್ ಕುಮಾರನ ಕಚೇರಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತಮ್ಮ ಹೆಂಡತಿ ಸತ್ತ ಬಗೆಯನ್ನು ಆಸ್ಪತ್ರೆಯ ಕಾಗದಗಳ ಇಂಗ್ಲಿಷಿನಿಂದ ದೂರಿನ ಕನ್ನಡಕ್ಕೆ ತರುತ್ತಿದ್ದರು.

ಗಂಗಲಕ್ಷ್ಮಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ಮಗಳ ಮನೆಗೆಂದು ಶಿರಾಕ್ಕೆ ಹೋಗಿದ್ದಾಗ ಶನಿವಾರ ಮಧ್ಯಾಹ್ನ ಹೊಟ್ಟೆನೋವು ಬಂತು. ಅಲ್ಲಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಸೋಮವಾರ ಆಪರೇಷನ್ ಆಯಿತು. ಮಂಗಳವಾರ ಬೆಳಕು ಹರಿಯುವ ಮುಂಚೆ ಜೀವ ಹೋಯಿತು. ಆಸ್ಪತ್ರೆಯ ಮೇಲೂ, ಕೊಯ್ದ ಡಾಕ್ಟರ್ ಜೈಬಾಳ ಮೇಲೂ ದೂರು ಕೊಡಲೇಬೇಕೆಂದು ಮೇಷ್ಟ್ರು ಹಟ ಹಿಡಿದಿದ್ದರು. ತಪ್ಪು ಡಾಕ್ಟರದು ಎಂದು ಮೊಹರು ಬಿದ್ದ ಒಂದು ಕಾಗದ ಕೈಗೆ ಬಂದರೆ ಸಾಕು, ದೇವರ ಮುಂದೆ ಮೊದಲಿನಂತೆ ಕಣ್ಣುಮುಚ್ಚಿ ಕೂರಬಹುದು ಎಂದು ಅವರಿಗನ್ನಿಸಿತ್ತು. ಮೂರು ತಿಂಗಳಿಂದ ಕಣ್ಣು ಮುಚ್ಚಿದರೆ ದೇವರು ಕಾಣುತ್ತಿರಲಿಲ್ಲ.

"ಇದಕ್ಕೇನು ಬರ್ದಿದೀರಿ ಸಾರ್? ಕನ್ಸರ್ವೇಟಿವ್ ಮ್ಯಾನೇಜ್‌ಮೆಂಟ್. ಪುಟಪುಟಕ್ಕೂ ಬರ್ತಾ ಇದೆ" ಎಂದ ಕಿರಣ್ ಕುಮಾರ್.

"ಕೊಯ್ಯದೆ, ಔಷಧಿಯಲ್ಲೇ ನೋಡಿಕೊಳ್ಳುವುದು ಅಂತ."

"ಅಂದ್ರೆ ಸುಮ್ನೆ ಮಲಗ್ಸಿದ್ರು."

"ಸುಮ್ಮನೆ ಅಲ್ಲಪ್ಪ. ಡ್ರಿಪ್ಪು ಹಾಕಿ, ಮೂಗಿನೊಳಗೆ ನಳಿಗೆ ಇಟ್ಟು, ತಾನಾಗಿ ಇಳಿಯುತ್ತೇನೋ ಅಂತ ಕಾಯುವುದು."

"ಕಾಯೋದು ಅಂದ್ರೆ ಸುಮ್ನಿರೋದೇ ತಾನೆ ಸಾರ್? 'ಸರಿಯಾದ ಚಿಕಿತ್ಸೆ ನೀಡದೆ ಕಾಲಹರಣ ಮಾಡಿದರು' ಅಂತ ಹಾಕಿ. ದೂರು ಗಟ್ಟಿಯಾಗುತ್ತೆ. ನಿಮ್ಮಂಥೋರು ಮಾಡಿದ ಕನ್ನಡ ಅಂದ್ರೆ ಯಾರೂ ಎರಡನೇ ಸಲ ನೋಡಲ್ಲ."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ ಮತ್ತೆ ತೆಗೆದರು. ಆಮೇಲೆ ಹಾಗೆಯೇ ಬರೆದರು. ಒಂದು ಪದಕ್ಕೆ ತಪ್ಪು ಅರ್ಥ ಎಂದು ತಿಳಿದೂ ತಿಳಿದೂ ಬರೆದದ್ದು ಅವರ ಜೀವಮಾನದಲ್ಲಿ ಅದೇ ಮೊದಲು.

"ಪರಿಹಾರದ ವಿಷ್ಯ. ಕನ್ಸರ್ವೇಟಿವ್ ಆಗಿ ಹೇಳಿದ್ರೂ ಹದಿನೈದು ಲಕ್ಷ ಕೇಳ್ಬೋದು."

"ದುಡ್ಡು ಬೇಡ ಅಂದೆನಲ್ಲ."

"ಬೇಡ ಅಂದ್ರೂ ಕೇಳ್ಬೇಕು ಸಾರ್, ಇಲ್ಲಾಂದ್ರೆ ನಂಬಲ್ಲ" ಎಂದು ಅವನು ಆಸ್ಪತ್ರೆಯ ಹಾಳೆ ತಿರುವುತ್ತಾ ಏಳನೆಯ ಪುಟಕ್ಕೆ ಬಂದು ನಿಂತ. ಉಳಿದೆಲ್ಲ ಪುಟಗಳಲ್ಲಿ ಡಾಕ್ಟರರ ಗೀಚು. ಈ ಒಂದರಲ್ಲಿ ಮಾತ್ರ, ಕಪ್ಪು ಹಲಗೆಯ ಮೇಲೆ ಬರೆದಂತೆ ದುಂಡಗಿನ ಅಕ್ಷರಗಳ ಎರಡು ಸಾಲು ಇಂಗ್ಲಿಷು. ಸೋಮವಾರ ಬೆಳಗಿನವರೆಗೆ ಕನ್ಸರ್ವೇಟಿವ್ ಚಿಕಿತ್ಸೆಯನ್ನೇ ಮುಂದುವರಿಸಬೇಕೆಂದು ನಾವು ಇಚ್ಛಿಸುತ್ತೇವೆ, ಅಪಾಯವನ್ನು ನಮಗೆ ವಿವರಿಸಲಾಗಿದೆ ಎಂದು ಅದರಲ್ಲಿತ್ತು. ಕೆಳಗೆ ಸಹಿ.

"ಇದು?"

"ನನ್ನದೇ."

ಕಿರಣ್ ಕುಮಾರ್ ಕನ್ನಡಕ ತೆಗೆದು ಒರೆಸಿಕೊಂಡ. "ಇರ್ಲಿ. ಸೋಮವಾರ ನೀವು ಒಪ್ಪಿಗೆ ಹೇಳಿದ್ದು ಎಷ್ಟು ಗಂಟೆಗೆ?"

"ಎಂಟೂ ಕಾಲು. ಕೊಳಾಲದ ಕಡೆಯಿಂದ ಫೋನ್ ಮಾಡಿ ಹೇಳಿದೆ."

"ಕೊಯ್ದಿದ್ದು ಹನ್ನೆರಡಕ್ಕೆ. ಆ ನಡುವಿನ ಹೊತ್ತೇ ನಮ್ಮ ಕೇಸು. ಒಪ್ಪಿಗೆ ಸಿಕ್ಕಿದ್ರೂ ತಡ ಮಾಡಿದ್ರು. ಎಂಟಕ್ಕೇ ಪ್ರಸಾದ ಆಯ್ತು ಅಂತ ನಿಮ್ಮ ಪೂಜಾರಿ ಒಂದು ಹೇಳಿಕೆ ಬರ್ಕೊಡ್ಲಿ. ವಾರ್ಡಿನಲ್ಲಿದ್ದ ನಿಮ್ಮ ಮಗಳು ಸಾಕ್ಷಿಗೆ ಸಹಿ ಹಾಕ್ಲಿ. ಆ ಏಳನೇ ಪುಟ ನಾನು ನೋಡ್ಕೋತೀನಿ."

ಪ್ರಸಾದವೆಂದರೆ ಮೇಷ್ಟ್ರ ವಂಶದ ಪದ್ಧತಿ. ಅವರ ಮನೆದೇವರು ಕೊಳಾಲದಿಂದ ಎರಡು ಮೈಲಿ ಆಚೆಯ ಗುಡ್ಡದ ಮೇಲಿನ ಗುಟ್ಟೆ ಮಲ್ಲಪ್ಪ. ಮನೆಯಲ್ಲಿ ಮದುವೆಯಾಗಲಿ, ಬಾವಿ ತೋಡುವುದಾಗಲಿ, ಹೆಂಗಸರ ಮೈಗೆ ಕತ್ತಿ ಮುಟ್ಟಿಸುವುದಾಗಲಿ, ಮಲ್ಲಪ್ಪನನ್ನು ಕೇಳದೆ ಆಗಕೂಡದು. ಸೋಮವಾರ ಬೆಳಗಿನ ಮೊದಲ ಪೂಜೆಯಾದ ಮೇಲೆ ಪೂಜಾರಿ ಎರಡು ಹೂವನ್ನು ನೀರಿನಲ್ಲಿ ಅದ್ದಿ ವಿಗ್ರಹದ ಎರಡು ಭುಜಕ್ಕೂ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ. ಎಡಗಡೆಯದು ಬಿದ್ದರೆ ಆ ಮಾತು ಅಲ್ಲಿಗೆ ಬಿಡಬೇಕು. ಮೇಷ್ಟ್ರ ತಂದೆ ಹೀಗೆ ಕೇಳಿದರು, ಮೇಷ್ಟ್ರೂ ಕೇಳಿದರು. ಅವರಿಗೆ ಬಂದ ಒಂದು ದೊಡ್ಡ ವರ್ಗಾವಣೆ ಎಡಗಡೆಯ ಹೂವಿನಿಂದಲೇ ನಿಂತಿತು. ಅದಕ್ಕವರು ಎಂದೂ ಮರುಗಲಿಲ್ಲ.

ಕನ್ಸರ್ವೇಟಿವ್ ಎಂಬುದು ಅವರ ಮನೆಯಲ್ಲಿ ಗೌರವದ ಪದ. ಮಗಳು ಸುನಿತಾಳ ಮದುವೆಗೆ ಮುಂಚೆ ಅವಳ ವಿವರದ ಹಾಳೆಯಲ್ಲಿ, ಮೈಬಣ್ಣ, ಎತ್ತರದ ಕೆಳಗೆ, ಕನ್ಸರ್ವೇಟಿವ್ ಕುಟುಂಬ ಎಂದು ಅವರೇ ಬರೆದಿದ್ದರು. ಮೊಮ್ಮಗಳು ಆಶಾರಾಣಿ ಅದೇ ಪದವನ್ನು ಹಂಗಿಸುವುದಕ್ಕೆ ಆಡಿದರೂ ಅವರಿಗೆ ಬೇಸರವಾಗುತ್ತಿರಲಿಲ್ಲ. ತರಗತಿಯಲ್ಲಿ ಆ ಪದ ಬಂದ ದಿನ ಅವರಿಗೆ ಇನ್ನೂ ನೆನಪಿತ್ತು. ಇರುವುದನ್ನು ಕಾಪಾಡಿಕೊಂಡು ಬರುವವನು ಎಂದು ಅರ್ಥ ಹೇಳಿದ್ದರು. ಕಿಟಕಿಯ ಪಕ್ಕದ ಬೆಂಚಿನಿಂದ, ಬಡವನಹಳ್ಳಿಯಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಜಹೀರ್ ಅಹಮದರ ಮಗಳು ಎದ್ದು ನಿಂತು, "ಸಾರ್, ಅದು ಒಳ್ಳೇದಾ ಕೆಟ್ಟದ್ದಾ?" ಎಂದು ಕೇಳಿದ್ದಳು. "ಕಾಪಾಡುವುದು ಏನನ್ನ ಅನ್ನುವುದರ ಮೇಲೆ ಹೋಗುತ್ತಮ್ಮ" ಎಂದಿದ್ದರು ಮೇಷ್ಟ್ರು. ಆ ಉತ್ತರ ತಮಗೇ ಹಿಡಿಸಿ, ಮುಂದೆ ಬೀಳ್ಕೊಡುಗೆ ಸಭೆಯಲ್ಲೂ ಅದನ್ನು ಹೇಳಿದ್ದರು. ಕೇಳಿದ ಆ ಹುಡುಗಿಯೇ ಈಗಿನ ಡಾಕ್ಟರ್ ಜೈಬಾ.

ಆ ಶನಿವಾರ ಸಂಜೆ ಅವಳೇ ಬಂದು ಗಂಗಲಕ್ಷ್ಮಮ್ಮನ ಹೊಟ್ಟೆ ಮುಟ್ಟಿ ನೋಡಿದಳು. ಹೊಕ್ಕುಳ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು.

"ಕರುಳು ಹೊರಗೆ ಬಂದು ಸಿಕ್ಕಾಕ್ಕೊಂಡಿದೆ ಸಾರ್. ಈ ರಾತ್ರಿ ಕನ್ಸರ್ವೇಟಿವ್ ಆಗಿ ನೋಡೋಣ. ಬೆಳಗ್ಗೆ ಹೊತ್ತಿಗೆ ಇಳೀಲಿಲ್ಲ ಅಂದ್ರೆ ಕೊಯ್ಯಲೇಬೇಕು."

ಮೇಷ್ಟ್ರಿಗೆ ಸಮಾಧಾನವಾಯಿತು. ಆ ಪದದ ವೈದ್ಯಕೀಯ ಅರ್ಥ ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೂ ಇದು ತಮ್ಮಂಥ ಮನೆತನಕ್ಕೆ ತಕ್ಕ ಚಿಕಿತ್ಸೆ, ಹುಡುಗಿ ಹಿರಿಯರ ಮನಸ್ಸು ಅರಿತವಳು ಎಂದು ಒಳಗೊಳಗೇ ಹಿಗ್ಗಿದರು. ಭಾನುವಾರ ಗಂಟು ಇಳಿಯಲಿಲ್ಲ. ಜೈಬಾ ಬೆಳಗ್ಗೆ ಬಂದಳು, ಮಧ್ಯಾಹ್ನ ಬಂದಳು, ಸಂಜೆ ಮತ್ತೆ ಬಂದಳು. "ಒಂದೇ ರಾತ್ರಿ ಜೈಬಾ. ಸೋಮವಾರ ಎಂಟು ಗಂಟೆಗೆ ಅಪ್ಪಣೆ ಆಗಿಬಿಡುತ್ತೆ" ಎಂದು ಮೇಷ್ಟ್ರು ಮೂರು ಸಲವೂ ಅದನ್ನೇ ಹೇಳಿದರು. ಅವಳು ಕಾಗದ ಮುಂದಿಟ್ಟಾಗ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟರು. ಸೋಮವಾರ ಕತ್ತಲಲ್ಲೇ ಬಾಡಿಗೆ ಕಾರು ಹಿಡಿದು ಕೊಳಾಲಕ್ಕೆ ಹೋದರು. ಬಲಗಡೆಯ ಹೂವು ನೋಡನೋಡುತ್ತಿದ್ದಂತೆ ಬಿತ್ತು. ಇಷ್ಟು ಬೇಗ ಎಂದೂ ಬಿದ್ದಿರಲಿಲ್ಲ. ಅಷ್ಟರಲ್ಲಿ ಶಿರಾದಲ್ಲಿ ರಕ್ತದೊತ್ತಡ ಬಿದ್ದುಹೋಗಿ, ಅದನ್ನು ಎತ್ತಿ ನಿಲ್ಲಿಸುವುದರಲ್ಲೇ ಹನ್ನೆರಡು ಗಂಟೆಯಾಯಿತು. ಹೊಟ್ಟೆ ತೆರೆದರೆ ಕರುಳು ಕಪ್ಪಾಗಿತ್ತು.

ದೇವರು ಅಪ್ಪಣೆ ಕೊಟ್ಟಿದ್ದಾನೆ. ಹಾಗಾದರೆ ತಪ್ಪಿದ್ದು ಮನುಷ್ಯರು. ಈ ಮೂರು ತಿಂಗಳು ಮೇಷ್ಟ್ರು ಗಟ್ಟಿಯಾಗಿ ಹಿಡಿದುಕೊಂಡಿದ್ದು ಇದೊಂದನ್ನೇ.

ವಕೀಲನ ಕಚೇರಿಯಿಂದ ಬಂದ ಮಾರನೆಯ ದಿನ ಅವರು ಕೊರಟಗೆರೆಗೆ ಹೋಗಿ, ಬಸ್ಸು ಬದಲಾಯಿಸಿ ಕೊಳಾಲದಲ್ಲಿ ಇಳಿದು, ಆಟೋದಲ್ಲಿ ಗುಡ್ಡದ ಬುಡಕ್ಕೆ ಬಂದರು. ಪೂಜಾರಿ ಚಿಕ್ಕರಂಗಯ್ಯ ಗುಡಿಯ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಹಚ್ಚಿ ದೀಪದ ಕಂಬ ಉಜ್ಜುತ್ತಿದ್ದ. ಅರವತ್ತೈದರ ಆಳು, ಒಣಗಿದ ಮೈ.

"ಏನ್ ಮೇಷ್ಟ್ರೇ, ಗುರುವಾರ ಬಂದ್ಬುಟ್ರಿ! ನಿಮ್ಮನ್ನ ಸೋಮವಾರ ಬುಟ್ಟು ಬ್ಯಾರೆ ದಿನ ಇಲ್ಲಿ ಕಂಡಿರ್ಲೇ ಇಲ್ಲ ನಾನು."

"ಪ್ರಸಾದ ಕೇಳೋಕಲ್ಲ ಚಿಕ್ಕರಂಗಯ್ಯ. ಒಂದು ಹೇಳಿಕೆ ಬೇಕಾಗಿತ್ತು" ಎಂದು ಮೇಷ್ಟ್ರು ಎಲ್ಲವನ್ನೂ ವಿವರಿಸಿದರು. ಚಿಕ್ಕರಂಗಯ್ಯ ಉಜ್ಜುವುದನ್ನು ನಿಲ್ಲಿಸಿದ.

"ತಡೀರಿ. ಅವತ್ತು ನೀವು ಕೇಳಿದ್ದು ಅಮ್ಮಾವ್ರ ಆಪರೇಸನ್ನಿಗಾ?"

"ಇನ್ನೇನು ಮತ್ತೆ?"

"ಮನಸಿನಾಗೆ ಕೇಳ್ಕಂಡ್ರಿ. ನಂಗೇನು ಗೊತ್ತು? ಜಮೀನೋ ಸೈಟೋ ಅಂತ ಅಂದ್ಕಂಡೆ. ಶನಿವಾರ ಫೋನ್ ಮಾಡ್ದಾಗ ಒಂದು ಮಾತು ಅಂದ್ರಾ, ಹೆಂಗಸು ಆಸ್ಪತ್ರೇಲಿ ಮಲಗವ್ಳೆ ಅಂತ? ಸೋಮವಾರ ಬತ್ತೀನಿ ಅಂದ್ರಿ, ಬನ್ನಿ ಅಂದೆ."

"ಕತ್ತಿ ಅನ್ನುವ ಮಾತನ್ನ ಫೋನಿನಲ್ಲಿ ಆಡಬಾರದು ಅಂತ ಸುಮ್ಮನಾದೆ. ಹೇಳಿದ್ದರೂ ಸೋಮವಾರಕ್ಕೆ ಮುಂಚೆ ಕೇಳೋ ಹಾಗಿಲ್ಲವಲ್ಲ."

"ಯಾರ್ರೀ ಅಂದೋರು?"

ಮೇಷ್ಟ್ರು ಅವನ ಮುಖವನ್ನೇ ನೋಡಿದರು. "ಸೋಮವಾರ ಶಿವನ ದಿನ. ನಮ್ಮ ತಂದೆ ಕಾಲದಿಂದ..."

"ನಿಮ್ಮ ತಂದೆ ಕಾಲದಾಗೆ ನಮ್ಮಪ್ಪ ಇಲ್ಲಿರ್ಲೇ ಇಲ್ಲ ಮೇಷ್ಟ್ರೇ. ಪಾವಗಡದ ಕಡೆ ಹೆಂಡ್ತಿ ಮನೇಲಿದ್ದ. ಆಗ ಈ ಕಡೆ ಸೋಮವಾರ ಸಂತೆ ಕಟ್ಟೋರು. ಸಂತೆಗೆ ಬಂದು, ಗುಡ್ಡ ಹತ್ತಿ ಪೂಜೆ ಮಾಡಿ, ಕಾಯಿಹಣ್ಣು ಕಟ್ಕಂಡು ಹೊರಟೋಗೋನು. ಉಳಿದ ದಿನ ಬಾಗ್ಲೇ ತೆಗೀತಿರ್ಲಿಲ್ಲ. ಅದಕ್ಕೆ ಜನ ಸೋಮವಾರ ಬರೋರು. ಅಷ್ಟೇ. ನಾನು ಈ ಊರಿಗೆ ಬಂದು ಸೇರ್ಕಂಡ ಮ್ಯಾಲೆ ದಿನಾ ಬಾಗ್ಲು ತೆಗೀತೀನಿ. ಮೊನ್ನೆ ಬುಧವಾರ ಒಬ್ಬ ಬಂದು ಟ್ರ್ಯಾಕ್ಟ್ರು ತಗಣಾಕೆ ಕೇಳ್ಕಂಡು ಹೋದ."

"ನನಗೆ ಹೇಳಲಿಲ್ಲ ನೀನು."

"ಓದಿದ ಮೇಷ್ಟ್ರು, ತಪ್ಪದೆ ಸೋಮವಾರವೇ ಬತ್ತಾರೆ, ಅವರ ಮನೆ ಪದ್ಧತಿ ಇರ್ಬೋದು ಅಂತ ನಾನು. ದೊಡ್ಡೋರ ಕೈಲಿ ಹೆಂಗೆ ಕೇಳಾದು?" ಎಂದು ಅವನು ಅಂಗಿ ಎತ್ತಿ ಹೊಟ್ಟೆ ತೋರಿಸಿದ. ಬಲಗಡೆ ಕೆಳಗೆ ಗೇಣುದ್ದದ ಹಳೆಯ ಗಾಯದ ಗುರುತು. "ನೋಡಿ, ಅಪೆಂಡಿಸು. ತುಮಕೂರಿನಾಗೆ ಕುಯ್ಸಿದ್ರು. ನಾನು ಈ ದೇವರ ಪೂಜಾರಿ, ನಾನೇ ಕೇಳ್ಲಿಲ್ಲ. ಕೇಳಾಕೆ ಹೊತ್ತೆಲ್ಲಿತ್ತು? ಮೂರು ದಿನ ಆದ್ಮ್ಯಾಕೆ ಬಂದು ಕಾಯಿ ಒಡ್ದೆ. ಮಲ್ಲಪ್ಪ ಏನೂ ಅನ್ಲಿಲ್ಲ."

ಮೇಷ್ಟ್ರು ಕೈಯಲ್ಲಿದ್ದ ಕಾಗದವನ್ನು ಇನ್ನೊಂದು ಮಡಿಕೆ ಮಡಚಿದರು. ಚಿಕ್ಕರಂಗಯ್ಯನಿಗೆ ಅದನ್ನು ಕಂಡು ತಾನು ಹೆಚ್ಚು ಮಾತಾಡಿದೆನೇನೋ ಅನ್ನಿಸಿರಬೇಕು.

"ಕಾಗದ ಕೊಡಿ, ಎಲ್ಲಿ ಸೈನ್ ಮಾಡ್ಬೇಕು? ಎಂಟು ಗಂಟೆಗೆ ಹೂವು ಬಿದ್ದಿದ್ದು ನಿಜವೇ ಐತೆ. ಬರ್ಕೊಡ್ತೀನಿ ಬುಡಿ."

ಕೊಟ್ಟರು. ಹುಣಸೆಹುಳಿಯ ಕೈ ಒರೆಸಿಕೊಂಡು ಅವನು ನಿಧಾನವಾಗಿ ಹೆಸರು ಬರೆದ. ಆ ನಾಲ್ಕಾರು ಅಕ್ಷರ ಬರೆಯುವಷ್ಟು ಹೊತ್ತೂ ಮೇಷ್ಟ್ರು ಗರ್ಭಗುಡಿಯ ಕಡೆ ನೋಡದೆ ನಿಂತಿದ್ದರು. ಅರವತ್ತು ವರ್ಷ ಈ ಮೆಟ್ಟಿಲು ಹತ್ತಿದವರು ಆವತ್ತು ಕೈಮುಗಿಯದೆ ಇಳಿದರು.

ಒಂದು ಸಹಿ ಆಯಿತು, ಇನ್ನೊಂದು ಆಗಬೇಕು. ಬಸ್ಸು ಕೊರಟಗೆರೆ ದಾಟಿ, ಮಧುಗಿರಿ ದಾಟಿ, ಬಡವನಹಳ್ಳಿಯಲ್ಲಿ ನಿಂತಾಗ ತಾವು ದುಡಿದ ಶಾಲೆಯ ಹೆಂಚು ಕಾಣಿಸಿತು. ಮೇಷ್ಟ್ರು ಮುಖ ಇನ್ನೊಂದು ಕಡೆಗೆ ತಿರುಗಿಸಿಕೊಂಡರು. ಸಂತೆಯ ದಿನವನ್ನು ಶಿವನ ದಿನವೆಂದು ನಂಬಿದ್ದು ತಪ್ಪೇ ಇರಬಹುದು. ಆದರೆ ಡಾಕ್ಟರ್ ಆದವಳಿಗೆ ತಿಳಿಯಬೇಡವೆ? ಮುದುಕನ ಮಾತು ಕೇಳಿ ಕೂತವಳದೂ ತಪ್ಪಲ್ಲವೆ? ಹೀಗೆ ತಮ್ಮೊಳಗೇ ವಾದ ಹೂಡಿಕೊಂಡು ಶಿರಾದವರೆಗೂ ಗೆಲ್ಲುತ್ತಲೇ ಬಂದರು.

ಸುನಿತಾಳ ಮನೆಯ ನಡುಮನೆಯಲ್ಲಿ ಆಚೆ ಬೀದಿಯ ಟೈಲರ್ ನಜ್ಮುನ್ನೀಸಾ ಟೇಪು ಹಿಡಿದು ಆಶಾರಾಣಿಯ ಅಳತೆ ತೆಗೆದುಕೊಳ್ಳುತ್ತಿದ್ದಳು. ಕಾಲೇಜಿನ ಯಾವುದೋ ಸಮಾರಂಭ.

"ನೆಕ್ ಕನ್ಸರ್ವೇಟಿವ್ ಇಡ್ಲಾ, ಸ್ವಲ್ಪ ಇಳಿಸ್ಲಾ?"

"ತಾತ ಬಂದ್ರಲ್ಲ ಆಂಟಿ, ಇನ್ನೇನು, ಕಿವಿವರೆಗೂ ಮುಚ್ಚಿ ಹೊಲೀರಿ" ಎಂದು ಆಶಾರಾಣಿ ನಕ್ಕಳು. ನಜ್ಮುನ್ನೀಸಾಳೂ ನಗುತ್ತಾ ಸೆರಗು ಸರಿಮಾಡಿಕೊಂಡು ಎದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತ ಸುನಿತಾ ನಗಲಿಲ್ಲ. ಅವಳ ಕಣ್ಣು ಅಪ್ಪನ ಕೈಯಲ್ಲಿದ್ದ ಕಾಗದದ ಮೇಲಿತ್ತು. ಟೈಲರನ್ನು ಬಿಟ್ಟು ಬರಲು ಮಗಳನ್ನು ಹೊರಗೆ ಕಳಿಸಿ ಅವಳು ಮುಂದೆ ಬಂದು ಕೂತಳು.

"ಕೊಡು" ಎಂದು ಕೈ ಚಾಚಿದಳು. ತಾಲೂಕು ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ನೋಡಿದವಳು. ಎರಡು ಪುಟ ಓದಲು ಹೊತ್ತು ಹಿಡಿಯಲಿಲ್ಲ.

"ಸರಿಯಾದ ಚಿಕಿತ್ಸೆ ನೀಡದೆ ಕಾಲಹರಣ ಮಾಡಿದರು. ಇದು ಯಾವ ಇಂಗ್ಲಿಷಿನ ಕನ್ನಡ ಅಪ್ಪ?"

"ವಕೀಲರು ಹೇಳಿದ್ದು."

"ಅಕ್ಷರ ನಿಂದಲ್ವಾ? ಆಸ್ಪತ್ರೆ ಕಾಗದದಲ್ಲಿರೋದೂ ನಿನ್ನ ಅಕ್ಷರವೇ. ನಾನು ಪಕ್ಕದಲ್ಲೇ ನಿಂತಿದ್ದೆ ನೀನು ಬರೆಯುವಾಗ. ಎಷ್ಟು ಚೆನ್ನಾಗಿ ಬರೀತಾರೆ ಅಂತ ನರ್ಸು ಹೊಗಳಿದ್ಲು."

"ಅವಳು ಡಾಕ್ಟ್ರು ಕಣಮ್ಮ. ಬೇಡ ಅಂದ್ರೂ ಕೊಯ್ಯಬೇಕಾಗಿತ್ತು. ನಾನು ಹೇಳಿದ್ದಕ್ಕೆ ಯಾಕೆ ಕೇಳಬೇಕಾಗಿತ್ತು ಅವಳು?"

"ಅದನ್ನೇ ಜೈಬಾನೂ ಕೇಳ್ಕೊಂಡ್ಲು" ಎಂದಳು ಸುನಿತಾ. "ಹೋದ ತಿಂಗಳು ಬಂದಿದ್ಲು. ನೀನು ಕೂತಿದ್ದೀಯಲ್ಲ, ಅಲ್ಲೇ ಕೂತಿದ್ಲು. ಬೇರೆ ಯಾರಾದ್ರೂ ಆಗಿದ್ರೆ ವಾರ್ಡಿನಲ್ಲೇ ಬೈದು ಒಪ್ಪಿಸ್ತಿದ್ದೆ ಅಕ್ಕಾ, ದಿನಾ ಬೈತೀನಿ, ಸಾರ್ ಎದುರಿಗೆ ನಿಂತಾಗ ಒಂಬತ್ತನೇ ಕ್ಲಾಸಿನ ಹುಡುಗಿ ಥರ ನಾಲಿಗೆ ಬಿದ್ದೋಯ್ತು, ಗುರುಗಳಿಗೆ ಎದುರು ಮಾತಾಡ್ಬಾರ್ದು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದು ಅದೊಂದೇ ಕಡೆ ಬಿಡಕ್ಕಾಗ್ಲಿಲ್ಲ ಅಂತ ಅತ್ಲು. ದೂರು ಕೊಟ್ರೆ ಕೊಡ್ಲಿ, ತಪ್ಪು ಒಪ್ಕೋತೀನಿ ಅಂದ್ಲು. ಕೆಲ್ಸ ಹೋದ್ರೂ ಹೋಗ್ಲಿ ಅಂತ."

ಮೇಷ್ಟ್ರು ದೂರಿನ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಜೇಬಿನ ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿ, ಮೇಲೆ ದುಂಡಗಿನ ಅಕ್ಷರದಲ್ಲಿ ಇನ್ನೊಂದು ಬರೆದರು: 'ಕೊಯ್ಯದೆ ಕಾಯಬೇಕೆಂದು ನಾನು ಬರೆದುಕೊಟ್ಟೆ.' ಬರೆದ ಮೇಲೆ ಅದು ದೂರಿನ ಕಾಗದವಾಗಿ ಉಳಿಯಲಿಲ್ಲ. ಹಾಳೆಯನ್ನು ಮಡಚಿ ಮಗಳ ಕಡೆ ಸರಿಸಿದರು. ಇಷ್ಟಕ್ಕೆ ಮುಗಿದೀತು, ಮಗಳು ಒಂದು ಮಾತು ಮೆತ್ತಗೆ ಆಡಿಯಾಳು ಎಂದು ಮುದುಕನ ಆಸೆ.

ಸುನಿತಾ ಹಾಳೆ ಮುಟ್ಟಲಿಲ್ಲ.

"ಒಂದು ಕೇಳ್ತೀನಿ ಅಪ್ಪ. ಭಾನುವಾರ ಮಧ್ಯಾಹ್ನ ನಾನು ಸ್ನಾನಕ್ಕೆ ಅಂತ ಮನೆಗೆ ಬಂದಿದ್ದೆ. ಎರಡು ಗಂಟೆ ಹೊತ್ತು ಅಮ್ಮನ ಹತ್ರ ನೀನೊಬ್ಬನೇ ಇದ್ದೆ. ನಾನು ವಾಪಸ್ ಬಂದಾಗ ಅಮ್ಮ ಗೋಡೆ ಕಡೆ ತಿರುಗಿ ಮಲಗಿದ್ಲು. ಆಮೇಲೆ ಮಾತೇ ಆಡ್ಲಿಲ್ಲ. ನಿನ್ನ ಹತ್ರ ಏನಾದ್ರೂ ಅಂದ್ಲಾ?"

ಇಲ್ಲ ಎನ್ನಬಹುದಿತ್ತು. ಆ ಎರಡು ಗಂಟೆ ಹೊತ್ತಿಗೆ ಸಾಕ್ಷಿ ಯಾರೂ ಇರಲಿಲ್ಲ. ಕಣ್ಣು ಮುಚ್ಚಿದಾಗಲೆಲ್ಲ ದೇವರ ಜಾಗದಲ್ಲಿ ಅವರಿಗೆ ಕಾಣುತ್ತಿದ್ದದ್ದು ಆ ಎರಡು ಗಂಟೆಯೇ.

"ಅಂದಳು."

"ಏನಂತ?"

"ಏನೂಂದ್ರೆ, ನಂಗೆ ತಡಿಯಕ್ಕಾಗ್ತಿಲ್ಲ, ಡಾಕ್ಟ್ರಮ್ಮ ಹೇಳ್ದಂಗೆ ಕುಯ್ಸಿಬುಡಿ, ಮಲ್ಲಪ್ಪನ ಹತ್ರ ನಾನು ಹೇಳ್ಕಂತೀನಿ ಅಂದಳು." ಮೇಷ್ಟ್ರು ತಮ್ಮ ಬಲಗೈಯನ್ನು ನೋಡಿಕೊಂಡರು. "ಕೈ ಹಿಡಕೊಂಡು ಕೇಳಿದಳು. ನಲವತ್ತೆಂಟು ವರ್ಷದಲ್ಲಿ ಒಂದು ಸೀರೆ ಬೇಕು ಅಂತ ಕೇಳಿದವಳಲ್ಲ."

"ನೀನು?"

"ಒಂದು ದಿನ ತಡಕೋ, ಮನೆತನದ ಮರ್ಯಾದೆ ಅಂದೆ. ಕೈ ಬಿಟ್ಟು ಗೋಡೆ ಕಡೆ ತಿರುಗಿದಳು."

ಹೊರಗೆ ಆಶಾರಾಣಿ ಗೇಟಿನ ಹತ್ತಿರ ಇನ್ನೂ ನಜ್ಮುನ್ನೀಸಾಳ ಜೊತೆ ಬಟ್ಟೆಯ ಬಣ್ಣದ ಮಾತಾಡುತ್ತಿದ್ದುದು ಕೇಳಿಸುತ್ತಿತ್ತು. ಸುನಿತಾ ಅಳಲಿಲ್ಲ, ಬೈಯಲೂ ಇಲ್ಲ. ಎದ್ದು ಒಳಗೆ ಹೋಗಿ ಕೈತೊಳೆಯಲು ನೀರು ತಂದಿಟ್ಟಳು. ಮಣೆ ಹಾಕಿದಳು. ತಟ್ಟೆಯಲ್ಲಿ ಮುದ್ದೆ, ಬಟ್ಟಲಲ್ಲಿ ಹುರುಳಿಕಾಳಿನ ಸಾರು, ಪಕ್ಕದಲ್ಲಿ ಉಪ್ಪು. ಅಪ್ಪ ಬಂದಾಗ ಹೇಗೆ ಬಡಿಸಬೇಕೆಂದು ಅಮ್ಮ ಹೇಳಿಕೊಟ್ಟಿದ್ದಳೋ ಹಾಗೆ, ಒಂದನ್ನೂ ಬಿಡದೆ.

ಅವರ ಮನೆಯಲ್ಲಿ ಮೊದಲ ತುತ್ತನ್ನು ಮಲ್ಲಪ್ಪನ ಹೆಸರು ಹೇಳಿ ತಟ್ಟೆಯ ಅಂಚಿಗೆ ತೆಗೆದಿಡುವುದು ವಾಡಿಕೆ. ಮೇಷ್ಟ್ರು ತುತ್ತು ಮುರಿದು ಹಿಡಿದುಕೊಂಡರು. ಹೆಸರು ಬಾಯಿಗೆ ಬರಲಿಲ್ಲ. ತುತ್ತನ್ನು ಎಲ್ಲಿಡಬೇಕೆಂದೂ ತಿಳಿಯಲಿಲ್ಲ.

"ಉಣ್ಣು ಅಪ್ಪ" ಎಂದಳು ಸುನಿತಾ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವರ ಮುಖ ನೋಡದೆ. "ಮಧುಗಿರಿಗೆ ಮೊದಲ ಬಸ್ಸು ಬೆಳಗ್ಗೆ ಆರೂವರೆಗಿದೆ. ಅದಕ್ಕೇ ಹೋಗು."